ಹೊಳೆಆಲೂರಿನ ಬ್ರಿಜ್ಜು

ಹುನಗುಂದದ ಮಂದಿಗೆ ರೈಲು ಅಂದರೆ ದೂರದ ಬೀಗರಿದ್ದ ಹಾಗೆ. ಇದ್ದಾರೆ ಅಂತ ಗೊತ್ತು, ನಾಲ್ಕು ಮಂದಿಯ ಮುಂದೆ ಹೆಸರು ಹೇಳಿಕೊಳ್ಳುವುದಕ್ಕೂ ಅಡ್ಡಿಯಿಲ್ಲ, ಮನೆಗೆ ಮಾತ್ರ ಬಂದವರಲ್ಲ. ನಮ್ಮ ಸೀಮೆಗೆ ಏನು ಕಡಿಮೆಯಾಗಿದೆ ಹೇಳಿ? ಮಲಪ್ರಭೆ ಹೋಗಿ ಕೃಷ್ಣೆಯನ್ನು ಕೂಡುವ ಕೂಡಲಸಂಗಮ ನಮ್ಮದು. ಪಕ್ಕದ ಇಳಕಲ್ಲಿನಲ್ಲಿ ಟೋಪ್ ತೆನಿ ಸೀರೆ ಉಂಟು, ಕೆಂಪು ಗ್ರಾನೈಟು ಉಂಟು. ಅಮೀನಗಡದಲ್ಲಿ ಕರದಂಟು ಉಂಟು. ಹಳಿ ಇಲ್ಲ, ಅಷ್ಟೇ. ರೈಲು ಹತ್ತಬೇಕೆಂದರೆ ಮೊದಲು ಬಸ್ಸು ಹತ್ತಿ ಬಾಗಲಕೋಟೆಗೆ ಹೋಗಬೇಕು. ನಾನು ಹುಡುಗನಾಗಿದ್ದಾಗ ಹಾಗೆ ಬಾಗಲಕೋಟೆಗೆ ಹೋಗಿ, ಗದಗಿನ ಗಾಡಿಗೆ ಕಾಯುವಾಗ ಬುತ್ತಿ ಬಿಚ್ಚಿ ತಿಂದು ಮುಗಿಸಿ, ಗಾಡಿ ಬರುವ ಹೊತ್ತಿಗೆ ಮತ್ತೆ ಹಸಿದಿರುತ್ತಿದ್ದೆವು.

ಆಗಿನದು ಮೀಟರ್ ಗೇಜು, ಉಗಿ ಎಂಜಿನ್ನು. ಕಿಟಕಿಯ ಹೊರಗೆ ಮುಖ ಹಾಕಿದರೆ ಕಣ್ಣಲ್ಲಿ ಇದ್ದಲ ಪುಡಿ. ಹಾಕದಿದ್ದರೆ ರೈಲು ಹತ್ತಿ ಏನು ಬಂತು? ಬಾದಾಮಿ ದಾಟಿ ಒಂದಷ್ಟು ದೂರ ಹೋದ ಮೇಲೆ ಗಾಡಿಯ ಸದ್ದು ಒಮ್ಮೆಲೇ ಬದಲಾಗುತ್ತಿತ್ತು. ನೆಲದ ಮೇಲಿನ ಗಟ್ಟಿ ಸಪ್ಪಳ ಹೋಗಿ ಕೆಳಗೆಲ್ಲ ಟೊಳ್ಳಾದ ಗಡಗಡ. ತೂಕಡಿಸುತ್ತಿದ್ದ ಅವ್ವ ಆ ಸದ್ದಿಗೆ ಎಚ್ಚರಾಗಿ, ಸೆರಗಿನ ಗಂಟು ಬಿಚ್ಚಿ, ಕಾಸು ತೆಗೆದು ಹಣೆಗೆ ಮುಟ್ಟಿಸಿ ಹೊಳೆಗೆ ಎಸೆಯುತ್ತಿದ್ದಳು. ಡಬ್ಬಿಯ ಉಳಿದ ಹೆಂಗಸರೂ ಕೈ ಮುಗಿಯುತ್ತಿದ್ದರು. ಕಿಟಕಿಯಾಚೆ ಕಬ್ಬಿಣದ ಪಟ್ಟಿಗಳು ಸರಸರ ಹಿಂದಕ್ಕೆ ಓಡುತ್ತಿದ್ದವು. ಬ್ರಿಜ್ಜು ಹೇಗಿದೆ ಅಂತ ನೋಡುವಷ್ಟರಲ್ಲಿ ಹೊಳೆಆಲೂರು ಸ್ಟೇಷನ್ನು ಬಂದುಬಿಡುತ್ತಿತ್ತು. ರೈಲಿನಲ್ಲಿ ಕೂತವನಿಗೆ ಬ್ರಿಜ್ಜಿನ ಸದ್ದು ಸಿಗುತ್ತದೆ, ಬ್ರಿಜ್ಜು ಸಿಗುವುದಿಲ್ಲ. ಅದನ್ನು ನೋಡಬೇಕಾದರೆ ಹೊಳೆಯ ದಂಡೆಗೇ ಹೋಗಿ ನಿಲ್ಲಬೇಕು. ನನಗೆ ಆ ಯೋಗ ಕೂಡಿ ಬಂದದ್ದು ತಲೆ ನರೆತ ಮೇಲೆ, ಅಳಿಯಂದಿರು ಹೊಸ ಕಾರು ತಗೊಂಡ ಮೇಲೆ.

ಬನಶಂಕರಿ ಜಾತ್ರೆ ಮುಗಿದು ಬಿಸಿಲು ಆಗತಾನೇ ಏರತೊಡಗಿದ್ದ ದಿನಗಳು. ಮಗಳು, ಅಳಿಯಂದಿರು, ಮೊಮ್ಮಗಳು ಬೆಂಗಳೂರಿನಿಂದ ಬಂದಿದ್ದರು. ಎಲ್ಲಿಗೆ ಹೋಗೋಣ ಅಂತ ರಾತ್ರಿ ಊಟದ ಮೇಲೆ ಮಾತು ಬಂತು. ಮಗಳು ಬಾದಾಮಿ ಎಂದಳು, ಅಳಿಯಂದಿರು ಆಲಮಟ್ಟಿ ಎಂದರು. ನಾನು ಹೊಳೆಆಲೂರಿನ ರೈಲ್ವೆ ಬ್ರಿಜ್ಜು ಎಂದೆ. ನನ್ನ ಮನೆಯವಳು ತಾಟು ಎತ್ತುತ್ತಿದ್ದವಳು ಅಲ್ಲೇ ನಿಂತಳು.

“ಬ್ರಿಜ್ ನೋಡಾಕ ಯಾರರ ಹೋಗ್ತಾರೇನ್ರೀ? ಬ್ರಿಜ್ ಮ್ಯಾಲ ಹಾಸಿ ಹೋಗ್ತಾರ.”

ಅಳಿಯಂದಿರು ಮಾತ್ರ, “ಆಗಲಿ ಮಾವಾರ, ಬಾದಾಮಿ ದಾರ್ಯಾಗ ಐತೆಲ್ಲ, ನೋಡೂಣು” ಎಂದರು. ಹೊಸ ಕಾರಿನವರಿಗೆ ಎಲ್ಲ ಊರೂ ದಾರಿಯಲ್ಲೇ ಇರುತ್ತವೆ.

ಹುನಗುಂದದಿಂದ ಅಮೀನಗಡ, ಅಲ್ಲಿಂದ ಐಹೊಳೆ, ಪಟ್ಟದಕಲ್ಲು, ಬಾದಾಮಿ, ಬನಶಂಕರಿ, ಆಮೇಲೆ ಹೊಳೆಆಲೂರು. ಈ ದಾರಿಯ ಸೊಗಸು ಏನೆಂದರೆ ಮಲಪ್ರಭೆ ಆ ಕಡೆಯಿಂದ ಇಳಿದು ಬರುತ್ತಾಳೆ, ನಾವು ಈ ಕಡೆಯಿಂದ ಏರಿ ಹೋಗುತ್ತೇವೆ. ಖಾನಾಪುರ ಕಡೆಯ ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ನವಿಲುತೀರ್ಥದ ಆಣೆಕಟ್ಟು ದಾಟಿ ಹೊಳೆಆಲೂರಿಗೆ ಬಂದು, ಶಿವಯೋಗಮಂದಿರದ ಮಗ್ಗುಲಲ್ಲಿ ಹಾದು, ಪಟ್ಟದಕಲ್ಲಿನಲ್ಲಿ ಉತ್ತರಕ್ಕೆ ಮುಖ ಮಾಡಿ, ಐಹೊಳೆಯನ್ನು ಮುಟ್ಟಿ ನಮ್ಮ ಸಂಗಮಕ್ಕೆ ಬರುತ್ತದೆ. ಚಾಲುಕ್ಯರು ತಮ್ಮ ಕಲ್ಲಿನ ಕೆಲಸವನ್ನೆಲ್ಲ ಈ ಒಂದು ಹೊಳೆಯ ಸುತ್ತಲೇ ಮಾಡಿ ಮುಗಿಸಿದರೋ ಏನೋ ಅನ್ನಿಸುತ್ತದೆ. ಐಹೊಳೆಯಲ್ಲಿ ಮೇಗುಟಿ ಗುಡ್ಡ ಹತ್ತುವ ಮಾತು ಬಂದಾಗ ನನ್ನ ಮೊಣಕಾಲು ನನಗಿಂತ ಮೊದಲೇ ಉತ್ತರ ಕೊಟ್ಟಿತು. 634ರಲ್ಲಿ ರವಿಕೀರ್ತಿ ಪುಲಕೇಶಿಯ ಹೊಗಳಿಕೆಯನ್ನು ಅಷ್ಟು ಎತ್ತರದಲ್ಲಿ ಯಾಕೆ ಕೆತ್ತಿಸಬೇಕಿತ್ತೋ! ಕೆಳಗೆ ಕೆತ್ತಿಸಿದ್ದರೆ ನಮ್ಮಂಥವರೂ ಓದುತ್ತಿದ್ದೆವು.

ಪಟ್ಟದಕಲ್ಲಿನಲ್ಲಿ ಬಹಳ ಹೊತ್ತು ಕಳೆಯಿತು. ವಿರೂಪಾಕ್ಷ ಗುಡಿಯ ಮುಂದೆ ಮೊಮ್ಮಗಳಿಗೆ ಒಂದು ಮಾತು ಹೇಳಿದೆ. ಇದನ್ನು ಕಟ್ಟಿಸಿದಾಕೆ ರಾಣಿ ಲೋಕಮಹಾದೇವಿ, ಗಂಡ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು ಬಂದ ನೆನಪಿಗೆ. ಆದರೆ ಶಾಸನದಲ್ಲಿ ಆಕೆಯ ಹೆಸರಷ್ಟೇ ಅಲ್ಲ, ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರೂ ಇದೆ. ಎಂಟನೆಯ ಶತಮಾನದಲ್ಲಿ ಮೇಸ್ತ್ರಿಯ ಹೆಸರು ಕಲ್ಲಿನ ಮೇಲೆ! ನಮ್ಮ ಕಾಲದಲ್ಲಿ ಬಸ್ ನಿಲ್ದಾಣದ ತಗಡಿನ ಶೆಡ್ಡಿಗೂ ಉದ್ಘಾಟನೆ ಮಾಡಿದವರ ಹೆಸರಿರುತ್ತದೆ, ವೆಲ್ಡಿಂಗ್ ಮಾಡಿದವನದು ಎಲ್ಲಿರುತ್ತದೆ? ಮೊಮ್ಮಗಳು, “ಅಜ್ಜಾ, ನೀ ಹೇಳಿದ ಬ್ರಿಜ್ಜಿನ ಮ್ಯಾಲ ಯಾರ ಹೆಸರು ಐತಿ?” ಎಂದಳು. ಹೋಗಿ ನೋಡೋಣ ನಡೀ ಎಂದೆ.

ಬನಶಂಕರಿ ಮುಟ್ಟುವಾಗ ಹೊಟ್ಟೆ ತಾಳ ಹಾಕುತ್ತಿತ್ತು. ಅಲ್ಲಿ ಹೋಟೆಲು ಹುಡುಕಬೇಕಿಲ್ಲ. ಹೋಟೆಲೇ ಬುಟ್ಟಿಯಲ್ಲಿ ಕೂತು ನಿಮ್ಮ ಹತ್ತಿರ ಬರುತ್ತದೆ. ಊರ ಹೆಣ್ಣುಮಕ್ಕಳು ತಲೆಯ ಮೇಲೆ ಬುಟ್ಟಿ ಹೊತ್ತು ಬಂದು, ಮರದ ಕೆಳಗೆ ಕೂಡಿಸಿ, ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸುತ್ತಾರೆ. “ಇನ್ನೊಂದು ರೊಟ್ಟಿ ಹಾಕ್ಲೇನ್ರೀ ಯಪ್ಪಾ” ಅನ್ನುವ ದನಿಗೆ ಬೇಡ ಅನ್ನಲು ನನಗೆ ಇವತ್ತಿನವರೆಗೂ ಬಂದಿಲ್ಲ. ಜಾತ್ರೆ ಮುಗಿದಿದ್ದರೂ ನಾಟಕ ಕಂಪನಿಯ ತಗಡಿನ ಥೇಟರು ಇನ್ನೂ ಬಿಚ್ಚಿರಲಿಲ್ಲ. ಪೋಸ್ಟರಿನ ಖಳನಾಯಕ ನನ್ನ ತಾಟನ್ನೇ ನೋಡುತ್ತಿದ್ದ.

ಊಟ ಮುಗಿಸಿ ಗುಡಿಗೆ ಹೋದೆವು. ಹರಿದ್ರಾತೀರ್ಥದ ಹೊಂಡ, ಅದರ ಸುತ್ತಲಿನ ಕಲ್ಲಿನ ಪಡಸಾಲೆ, ದೀಪದ ಕಂಬ. ಬನಶಂಕರಿ ಅಂದರೆ ಶಾಕಾಂಬರಿ. ನೂರು ವರ್ಷ ಮಳೆ ಹೋದಾಗ ತಾಯಿ ತನ್ನ ಮೈಯಿಂದಲೇ ಕಾಯಿಪಲ್ಲೆ ಬೆಳೆದು ಲೋಕಕ್ಕೆ ಉಣಿಸಿದಳೆಂಬುದು ಕತೆ. ಅದಕ್ಕೇ ಜಾತ್ರೆಯ ಹೊತ್ತಿಗೆ ಆಕೆಗೆ ನೂರೆಂಟು ಬಗೆಯ ಪಲ್ಯದ ನೈವೇದ್ಯ. ಬೇರೆ ಕಡೆ ಯುದ್ಧ ಗೆದ್ದ ದೇವಿಯರಿದ್ದಾರೆ. ನಮ್ಮ ಬಯಲುಸೀಮೆಗೆ ಸಿಕ್ಕವಳು ಹಸಿವು ಗೆದ್ದವಳು. ಇಲ್ಲಿನ ಮಂದಿಗೆ ಯಾವುದರ ಭಯ ಹೆಚ್ಚು ಎಂಬುದು ಆಕೆಗೆ ಗೊತ್ತಿತ್ತು.

ಆ ಭಯಕ್ಕೂ ನಾವು ನೋಡಹೊರಟ ಕಬ್ಬಿಣಕ್ಕೂ ನೇರ ಸಂಬಂಧವಿದೆ. 1876ರಿಂದ 78ರವರೆಗೆ, ಧಾತು–ಈಶ್ವರ ಸಂವತ್ಸರಗಳಲ್ಲಿ, ದಕ್ಷಿಣ ಹಿಂದೂಸ್ಥಾನದ ಮೇಲೆ ಬಿದ್ದ ಬರ ನಮ್ಮ ಸೀಮೆಯನ್ನು ಹಿಂಡಿಹಾಕಿತು. ಆಗ ಇದು ಕಲಾದಗಿ ಜಿಲ್ಲೆ. 1872ರ ಖಾನೇಶುಮಾರಿಯಲ್ಲಿ ಎಂಟು ಲಕ್ಷ ದಾಟಿದ್ದ ಜಿಲ್ಲೆಯ ಜನ 1881ರ ಎಣಿಕೆಗೆ ಆರು ಲಕ್ಷ ನಲವತ್ತು ಸಾವಿರದ ಒಳಗೆ ಇಳಿದಿದ್ದರು. ಸತ್ತವರು ಸತ್ತರು, ಉಳಿದವರಲ್ಲಿ ಎಷ್ಟೋ ಮಂದಿ ಗುಳೆ ಹೋದರು. ಹಿಂದೂಸ್ಥಾನದಲ್ಲಿ ಕಾಳು ಇರಲಿಲ್ಲವೇ? ಇತ್ತು. ಸೊಲ್ಲಾಪುರದವರೆಗೆ ರೈಲೂ ಇತ್ತು. ಅಲ್ಲಿಂದ ಈಚೆಗೆ ಚಕ್ಕಡಿಯೇ ಗತಿ. ಚಕ್ಕಡಿಗೆ ಎತ್ತು ಬೇಕು, ಎತ್ತಿಗೆ ಮೇವು ಬೇಕು. ಮಳೆಯಿಲ್ಲದೆ ಮೇವು ಎಲ್ಲಿಂದ ಬರಬೇಕು? ಬರದ ಕಾಮಗಾರಿಯಲ್ಲಿ ಮಣ್ಣು ಹೊತ್ತು ಕಲ್ಲು ಒಡೆದ ಗಂಡಾಳಿಗೆ ಸರ್ ರಿಚರ್ಡ್ ಟೆಂಪಲ್ ಎಂಬ ಸಾಹೇಬ 1877ರಲ್ಲಿ ನಿಗದಿ ಮಾಡಿದ ದಿನಗೂಲಿ ಒಂದು ರತ್ತಲು ಧಾನ್ಯ, ಮೇಲೊಂದು ಆಣೆ. ಒಂದು ರತ್ತಲೆಂದರೆ ಅರ್ಧ ಕಿಲೋಗೂ ಕಡಿಮೆ. ಮುಂಬಯಿ ಇಲಾಖೆಯ ಕೂಲಿಗಳು ಇದರ ವಿರುದ್ಧ ಕೆಲಸ ಬಿಟ್ಟು ಕೂತರು. ಹಸಿದವರು ಮುಷ್ಕರ ಹೂಡಬೇಕಾದರೆ ಆ ಕೂಲಿ ಎಂಥದ್ದಿರಬೇಕು, ನೀವೇ ಲೆಕ್ಕ ಹಾಕಿ. ಇದನ್ನು ನಾನು ಹೇಳುತ್ತಿದ್ದಾಗ ನನ್ನ ಹೊಟ್ಟೆಯಲ್ಲಿ ಒಂದು ರತ್ತಲಿಗೂ ಹೆಚ್ಚಿನ ರೊಟ್ಟಿ ಇತ್ತು. ದನಿ ಸ್ವಲ್ಪ ತಗ್ಗಿಸಿ ಹೇಳಿದೆ.

ಬರ ಮುಗಿದ ಮೇಲೆ ಕಮಿಷನ್ ಕೂತಿತು. ಅದು ಎಲ್ಲ ಸರಕಾರಗಳ ಪದ್ಧತಿ. 1880ರ ಆ ಕ್ಷಾಮ ಆಯೋಗ ಬರದ ಸೀಮೆಗಳಿಗೆ ರೈಲು ಹಾಕಿರೆಂದಿತು. ಗೋದಾವರಿಗೆ ಒಡ್ಡು ಕಟ್ಟಿದ್ದ ಸರ್ ಆರ್ಥರ್ ಕಾಟನ್ ಮಾತ್ರ ರೈಲಿಗಿಂತ ಕಾಲುವೆ ತೋಡಿ, ನೀರು ಕೊಡಿ ಎಂದು ವರ್ಷಗಟ್ಟಲೆ ಹೇಳುತ್ತಲೇ ಬಂದಿದ್ದ. ನಮ್ಮ ಒಕ್ಕಲಿಗರನ್ನು ಯಾರಾದರೂ ಕೇಳಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು. ಬಂದದ್ದು ರೈಲು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಲಂಡನ್ನಿನಲ್ಲಿ ಹುಟ್ಟಿ, 1884ರ ಸುಮಾರಿಗೆ ಸೊಲ್ಲಾಪುರದ ಬಗಲಿನ ಹೊಟಗಿಯಿಂದ ಗದಗಿನವರೆಗೆ ಹಳಿ ಹಾಸಿತು. ಭೀಮೆ, ಕೃಷ್ಣೆ, ಮಲಪ್ರಭೆ ಮೂರನ್ನೂ ಎರಡೇ ವರ್ಷದಲ್ಲಿ ದಾಟಿಬಿಟ್ಟಿತು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಆಣೆಕಟ್ಟು ನಿಂತು ಕಾಲುವೆಗೆ ನೀರು ಹರಿದದ್ದು 1970ರ ದಶಕದಲ್ಲಿ. ಕಾಳು ಬರುವ ದಾರಿಗೂ ನೀರು ಬರುವ ದಾರಿಗೂ ನಡುವೆ ತೊಂಬತ್ತು ವರ್ಷ. ಹಳಿ ಬಂದದ್ದೇ ತಡ, ಜಿಲ್ಲೆಯ ದೊಡ್ಡ ಕಚೇರಿ 1885ರಲ್ಲಿ ಕಲಾದಗಿ ಬಿಟ್ಟು ಹಳಿ ಇದ್ದ ವಿಜಯಪುರಕ್ಕೆ ಹೋಯಿತು. ಕಲಾದಗಿಗೆ ಅದರ ದಾಳಿಂಬರ ಉಳಿಯಿತು. ಬಾಗಲಕೋಟೆ–ಕುಡಚಿ ಮಾರ್ಗ ಕಲಾದಗಿ ಸೀಮೆಯನ್ನು ಮುಟ್ಟಿದ್ದು ಮೊನ್ನೆ ಮೊನ್ನೆ.

ಇಷ್ಟು ಹೇಳುವ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಮನೆಯವಳಿಗೆ ಜೊಂಪು ಹತ್ತಿತ್ತು. ಹೊಳೆ ಬಂತು.

ಹೊಳೆಯ ಆಚೆ ಗದಗ ಜಿಲ್ಲೆ, ಈಚೆ ಬಾಗಲಕೋಟೆ. ಕಾರು ನಿಲ್ಲಿಸಿ ಹೊಲದ ಬದುವಿನ ಮೇಲೆ ನಡೆದೆವು. ಬಿಸಿಲಿಗೆ ಹೊಳೆ ಇಷ್ಟೇ ಇಷ್ಟು; ಉಳಿದದ್ದು ಉಸುಕು, ಬಂಡೆ, ಬಳ್ಳಾರಿ ಜಾಲಿ. ಇದೇ ಹೊಳೆ 2009ರ ಅಕ್ಟೋಬರಿನಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಊರೊಳಗೆ ನುಗ್ಗಿ ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ನಿಂತಿತ್ತೆಂದರೆ ನಂಬುವುದು ಕಷ್ಟ. ಬ್ರಿಜ್ಜಿನ ಕಂಬದ ಮೇಲೆ ಬರೆದ ಪ್ರವಾಹ ಮಟ್ಟದ ಗೆರೆ ತಲೆ ಎತ್ತಿ ನೋಡಬೇಕಾದಷ್ಟು ಮೇಲಿತ್ತು. ಬ್ರಿಜ್ಜು ಸರಿಯಾಗಿ ಕಾಣಬೇಕಾದರೆ ಇನ್ನೂ ಕೆಳಗೆ ಇಳಿಯಬೇಕು ಎಂದೆ. ಮನೆಯವಳು, “ಧೋತರ ಉಟ್ಟೀರಿ, ಜಾಲಿ ಐತಿ, ನೋಡ್ಕೊಂಡು” ಎಂದಳು. ನಾನು ನೋಡಿಕೊಂಡೇ ಇಳಿದೆ. ಜಾಲಿಯೂ ನನ್ನನ್ನು ನೋಡಿಕೊಂಡೇ ಇತ್ತು.

ಮುಳ್ಳು ಮೊದಲು ಕಚ್ಚೆಯನ್ನು ಹಿಡಿಯಿತು. ಬಿಡಿಸಲು ತಿರುಗಿದರೆ ಮುಂದಿನ ನಿರಿಗೆಯನ್ನು ಇನ್ನೊಂದು ಟೊಂಗೆ ಹಿಡಿಯಿತು. ಈ ಕಡೆ ಎಳೆದರೆ ಆ ಕಡೆ, ಆ ಕಡೆ ಎಳೆದರೆ ಈ ಕಡೆ. ಸರಿಯಾಗಿ ಆ ಹೊತ್ತಿಗೆ ಬಾದಾಮಿ ಕಡೆಯಿಂದ ಹಾರ್ನು ಕೇಳಿತು. ಬಾಲ್ಯದಿಂದ ಕಾದ ಗಳಿಗೆ! ಕಬ್ಬಿಣ ಸಣ್ಣಗೆ ನಡುಗಿತು, ಆಮೇಲೆ ಅವ್ವನನ್ನು ಎಬ್ಬಿಸುತ್ತಿದ್ದ ಅದೇ ಟೊಳ್ಳು ಗಡಗಡ, ಈ ಸಲ ತಲೆಯ ಮೇಲಿನಿಂದ. ಪ್ಯಾಸೆಂಜರ್ ಗಾಡಿ, ಬಾಗಿಲು ಬಾಗಿಲಿಗೂ ಮಂದಿ. ನಾನು ಬ್ರಿಜ್ಜು ನೋಡಲು ಅಷ್ಟು ದೂರದಿಂದ ಬಂದವನು. ಇಡೀ ಗಾಡಿ ನನ್ನನ್ನು ನೋಡುತ್ತ ಹೋಯಿತು. ಒಬ್ಬ ಹುಡುಗ ಕೈ ಬೀಸಿದ. ಧೋತರ ಹಿಡಿದ ಎರಡೂ ಕೈ ಬಿಟ್ಟು ಅವನಿಗೆ ಉತ್ತರ ಕೊಡುವಂತಿರಲಿಲ್ಲ. ಯಾರೋ ಪುಣ್ಯಾತ್ಮರು ಹೊಳೆಗೆಂದು ಎಸೆದ ಕಾಸು ಬಂಡೆಗೆ ಬಡಿದು ಟಣ್ ಎಂದು ಪುಟಿದು ನನ್ನ ಕಾಲ ಹತ್ತಿರ ಬಿತ್ತು. ದಂಡೆಯ ಮೇಲಿಂದ ಮನೆಯವಳ ದನಿ: “ಅವಸ್ಥಾ ನೋಡಿ ನಿಮಗಽ ಹಾಕ್ಯಾರ, ತಗೋರಿ!”

ಗಾಡಿ ಹೋದ ಮೇಲೆ ಅಳಿಯಂದಿರು ಬಂದು ಬಿಡಿಸಿದರು. ಪಾಪ, ನಗು ತಡೆದು ಅವರ ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ಸುತ್ತಿಗೆ, ಪಾನಾ ಹಿಡಿದ ಗ್ಯಾಂಗ್‌ಮನ್ ಒಬ್ಬರು ದಿಬ್ಬದ ಮೇಲಿಂದ ಇಳಿದು ಬಂದರು. ನಾವು ಫೋಟೊ ತೆಗೆಯಲು ಹಳಿ ಹತ್ತುತ್ತೇವೆಂದು ಅವರಿಗೆ ಸಂಶಯ. “ಮ್ಯಾಲ ಹೋಗಬ್ಯಾಡ್ರಿ ಯಜಮಾನ್ರ. ನೂರಾ ನಲವತ್ತೇಳನೇ ಸೆಕ್ಷನ್ ಹಾಕ್ತಾರ. ಆರು ತಿಂಗಳು ಒಳಗ, ಇಲ್ಲಾ ಸಾವಿರ ರೂಪಾಯಿ ದಂಡ” ಎಂದರು. ನನ್ನ ಧೋತರದ ಸ್ಥಿತಿ ನೋಡಿ ಇವನು ಎಲ್ಲಿಯೂ ಹತ್ತುವವನಲ್ಲವೆಂದು ಖಾತ್ರಿಯಾದ ಮೇಲೆ ಮಾತಿಗೆ ಕುಳಿತರು. ಹುನಗುಂದದಿಂದ ಬ್ರಿಜ್ಜು ನೋಡಲೆಂದೇ ಬಂದೆವು ಎಂದಾಗ ಅವರ ಮುಖ ಅರಳಿತು. ದಿನಾ ಅದರ ಮೇಲೆ ನಡೆಯುವವರು ಅವರು; ಅದನ್ನು ನೋಡಲು ಯಾರೋ ಬಂದರೆಂಬುದು ಅವರಿಗೂ ಹೊಸದಿರಬೇಕು.

ಗರ್ಡರಿನ ಒಂದು ತುದಿಯನ್ನು ಕಂಬಕ್ಕೆ ಕಟ್ಟಿರುತ್ತಾರೆ, ಇನ್ನೊಂದು ತುದಿಯನ್ನು ಬಿಟ್ಟಿರುತ್ತಾರೆ ಎಂದು ತೋರಿಸಿದರು. ಯಾಕೆಂದರೆ ಬಿಸಿಲಿಗೆ ಕಬ್ಬಿಣ ಬೆಳೆಯುತ್ತದೆ. ಮೂವತ್ತು ಮೀಟರಿನ ಗರ್ಡರು ನಲವತ್ತು ಡಿಗ್ರಿ ಹೆಚ್ಚಿಗೆ ಕಾದರೆ ಸುಮಾರು ಒಂದೂವರೆ ಸೆಂಟಿಮೀಟರು ಉದ್ದವಾಗುತ್ತದೆ. ಎರಡೂ ತುದಿ ಬಿಗಿದರೆ ಅದು ಕಂಬವನ್ನೇ ದೂಡುತ್ತದೆ. “ನಮ್ಮ ಕಡೀ ಬ್ಯಾಸಿಗಿಗೆ ಕಬ್ಬಿಣಾನೂ ಕಾಲು ಚಾಚತೈತಿ ಅನ್ರಿ” ಎಂದಳು ಮನೆಯವಳು. ಜೊಂಪು ಪೂರ್ತಿ ಹರಿದಿತ್ತು. ಹಿಂದಿನ ಕಾಲದಲ್ಲಿ ಪಟ್ಟಿಗೆ ಪಟ್ಟಿ ಕೂಡಿಸುತ್ತಿದ್ದುದು ರಿವೆಟ್ ಬಡಿದು. ಕೆಂಪಗೆ ಕಾಸಿದ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ತೂತಿಗೆ ಹಾಕಿ, ಆ ಕಡೆ ಒಬ್ಬ ಒತ್ತಿ ಹಿಡಿದರೆ ಈ ಕಡೆ ಇಬ್ಬರು ಬಡಿದು ತಲೆ ಮಾಡುತ್ತಿದ್ದರು. ಆರಿದಂತೆ ಮೊಳೆ ಕುಗ್ಗಿ ಎರಡೂ ಪಟ್ಟಿಯನ್ನು ಅವುಚಿಕೊಳ್ಳುತ್ತಿತ್ತು. ಬಡಿದವರ ಹೆಸರು? ಮೊಮ್ಮಗಳು ಆಗಲೇ ಹುಡುಕಿ ಬಂದಿದ್ದಳು. ಬ್ರಿಜ್ಜಿಗೆ ಒಂದು ನಂಬರು ಬರೆದಿದ್ದಾರೆ, ಹೆಸರು ಯಾರದೂ ಇಲ್ಲವೆಂದಳು. ಗುಂಡ ಅನಿವಾರಿತಾಚಾರಿ ಎಂಟನೆಯ ಶತಮಾನದಲ್ಲೇ ಹುಟ್ಟಿ ಒಳ್ಳೆಯದು ಮಾಡಿದ.

“ಇದು ಬಿದ್ರ, ಅಜ್ಜಾ?” ಎಂಬುದು ಅವಳ ಮುಂದಿನ ಪ್ರಶ್ನೆ. ನಮ್ಮ ಹಳಿ ಹಾಕುವ ಐದು ವರ್ಷ ಮುಂಚೆ, 1879ರ ಡಿಸೆಂಬರ್ 28ರ ರಾತ್ರಿ, ಸ್ಕಾಟ್ಲೆಂಡಿನ ಟೇ ಹೊಳೆಯ ಕಬ್ಬಿಣದ ಬ್ರಿಜ್ಜು ಬಿರುಗಾಳಿಗೆ ಮುರಿದು, ಮೇಲೆ ಹೋಗುತ್ತಿದ್ದ ಗಾಡಿ ಮಂದಿಸಹಿತ ನೀರಿಗೆ ಬಿದ್ದಿತ್ತು. ಗಾಡಿಯಲ್ಲಿದ್ದ ಒಬ್ಬರೂ ಬದುಕಲಿಲ್ಲ. ಆಮೇಲೆ ಬ್ರಿಜ್ಜು ಕಟ್ಟುವ ಎಂಜಿನಿಯರುಗಳೆಲ್ಲ ಗಾಳಿಯ ಲೆಕ್ಕವನ್ನು ಭಯದಿಂದಲೇ ಹಾಕತೊಡಗಿದರು. ವಿಚಿತ್ರವೆಂದರೆ, ತಳ ಸೇರಿದ್ದ ಎಂಜಿನ್ನನ್ನು ಮೇಲೆತ್ತಿ, ರಿಪೇರಿ ಮಾಡಿ, ಮತ್ತೆ ವರ್ಷಗಟ್ಟಲೆ ಓಡಿಸಿದರು. ಮಂದಿ ಅದಕ್ಕೆ ಮುಳುಗಾಳು ಎಂದು ಅಡ್ಡಹೆಸರಿಟ್ಟರು. ಮೊಮ್ಮಗಳಿಗೆ ಸತ್ತವರಿಗಿಂತ ಎಂಜಿನ್ನು ಬದುಕಿ ಬಂದದ್ದೇ ಸಮಾಧಾನವೆನಿಸಿತು.

ಆಗ ಬಂತು ನನ್ನ ಮನೆಯವಳ ಪ್ರಶ್ನೆ. “ಅಲ್ರೀ, ಮುಂಜಾನಿಂದ ಹದಿನೆಂಟು ನೂರಾ ಎಂಬತ್ನಾಕು ಅಂತ ಹಾಡಾಕತ್ತೀರಿ. ಇದರಾಗ ಎಂಬತ್ನಾಕರ ಕಬ್ಬಿಣ ಯಾವುದು?”

ಗ್ಯಾಂಗ್‌ಮನ್ ನನ್ನ ಮುಖ ನೋಡಿದರು, ನಾನು ಹೊಳೆಯ ಮುಖ ನೋಡಿದೆ. ಒಂದು ಮೀಟರ್ ಗೇಜಿನ ಪುಟ್ಟ ಎಂಜಿನ್ನಿಗೆಂದು ಕೂಡಿಸಿದ ಕಬ್ಬಿಣ ಇವತ್ತಿನ ಸರಕು ಗಾಡಿಯ ಭಾರ ಹೊರಲಾರದು. 1676 ಮಿಲಿಮೀಟರಿನ ಬ್ರಾಡ್ ಗೇಜು ಬಂದಾಗ ಹಳಿಯ ಜೊತೆ ಗರ್ಡರೂ ಬದಲಾಗಬೇಕು, ಇದು ಎಲ್ಲ ಕಡೆಯ ಲೆಕ್ಕ. ಅದರ ಮೇಲೆ ಹೊಟಗಿ–ಕೂಡಗಿ–ಗದಗ 284 ಕಿಲೋಮೀಟರಿಗೂ ಜೋಡಿ ಹಳಿಯ ಕೆಲಸ. ಮಾಲೀಕರೂ ಹಾಗೆಯೇ ಬದಲಾದರು. ಸದರ್ನ್ ಮರಾಠಾ ಹೋಗಿ 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು, 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ, 2003ರಲ್ಲಿ ಹುಬ್ಬಳ್ಳಿಯ ನೈಋತ್ಯ. ಜಿಲ್ಲೆಯೂ ಕಲಾದಗಿ ಹೋಗಿ ವಿಜಯಪುರವಾಗಿ, 1997ರಲ್ಲಿ ಬಾಗಲಕೋಟೆಯಾಯಿತು. ಬಾಗಲಕೋಟೆ ಊರನ್ನೇ ತಗೊಳ್ಳಿ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಓಣಿಗಳನ್ನು ಬಿಟ್ಟುಕೊಟ್ಟು, ನವನಗರದ ಸೆಕ್ಟರುಗಳಲ್ಲಿ ಮನೆ ಕಟ್ಟಿಕೊಂಡು, ಇವತ್ತಿಗೂ ನಾವು ಬಾಗಲಕೋಟೆಯವರು ಅನ್ನುತ್ತಾರೆ. ಯಾರೂ ದಾಖಲೆ ಕೇಳುವುದಿಲ್ಲ.

“ಬನಶಂಕರಿ ಗುಡಿ ಯಾವ ಕಾಲದ್ದು?” ಎಂದು ಅವಳನ್ನೇ ಕೇಳಿದೆ.

“ಚಾಲುಕ್ಯರದು. ನೀವಽ ಹೇಳಿದ್ರೆಲ್ಲ.”

“ಈಗಿನ ಕಟ್ಟಡ 1750ರಲ್ಲಿ ಪರಶುರಾಮ ಅಗಳೆ ಅನ್ನೋ ಮರಾಠಾ ಸರದಾರ ಕಟ್ಟಿಸಿದ್ದು. ಕೈ ಮುಗಿಯೂಮುಂದ ಚಾಲುಕ್ಯರ ಕಲ್ಲು ಯಾವುದು ಅಂತ ಕೇಳಿದೀ ಏನು?”

ಅವಳು ತುಸು ಯೋಚನೆ ಮಾಡಿದಳು. ಈ ವಾದ ಗೆದ್ದೆನೆಂದು ನಾನು ಧೋತರ ಕೊಡವಿಕೊಂಡೆ. “ಅಲ್ಲಿ ದೇವಿ ಅದಾಳ. ಇಲ್ಲಿ ಯಾರದಾರ?” ಎಂದಳು. ಗ್ಯಾಂಗ್‌ಮನ್ ಜೋರಾಗಿ ನಕ್ಕು, “ನಾ ಅದೀನೆಲ್ರೀ ಯವ್ವಾ” ಎಂದು ಸುತ್ತಿಗೆ ಹೆಗಲಿಗೇರಿಸಿದರು. ಅವರ ಪಾಳಿ ಮುಗಿಯಲು ಇನ್ನೂ ಹೊತ್ತಿತ್ತು. ಅಮೀನಗಡದಲ್ಲಿ ಕೊಂಡಿದ್ದ ಕರದಂಟಿನ ಪೊಟ್ಟಣವನ್ನು ಮನೆಯವಳು ಅವರ ಕೈಗಿಟ್ಟಳು, ನಾನು ಇನ್ನೂ ಒಂದು ತುಂಡೂ ತಿಂದಿರಲಿಲ್ಲ.

ವಾಪಸು ಬರುವಾಗ ಸೀತಿಮನಿ ಹತ್ತಿರದ ಕೃಷ್ಣಾ ಬ್ರಿಜ್ಜಿನ ಮಾತು ತೆಗೆದೆ. ಇದೇ ಹಳಿ, ಇನ್ನೂ ದೊಡ್ಡ ಹೊಳೆ, ಆಲಮಟ್ಟಿಯೂ ಅಲ್ಲೇ, ಅಳಿಯಂದಿರ ಆಸೆಯೂ ತೀರುತ್ತದೆ. ಯಾರೂ ಬೇಡ ಅನ್ನಲಿಲ್ಲ. ಮೊಮ್ಮಗಳು ಬಂಡೆಯ ಹತ್ತಿರ ಆರಿಸಿಕೊಂಡಿದ್ದ ಕಾಸನ್ನು ಅಲ್ಲಿಯೇ ಕೃಷ್ಣೆಗೆ ಹಾಕುವುದೆಂದು ಗೊತ್ತಾಯಿತು. ಮನೆಯವಳದು ಒಂದೇ ಕರಾರು: ನಾನು ಪ್ಯಾಂಟು ಹಾಕಿಕೊಂಡು ಬರಬೇಕು.